ಹಣ ಕೊಟ್ಟು ಬರೆಸಿದ ಚಿತ್ರ ಯಾರದು?

ಶೆಟ್ಟಿಕೆರೆ ಹೋಬಳಿಯ ತೋಟಗಳಿಂದ ಹೊರಡುವ ಉಂಡೆ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆ ಪ್ರಾಂಗಣದಲ್ಲಿ ಹರಾಜಾಗಿ, ಚೀಲಗಳಲ್ಲಿ ಉತ್ತರ ಭಾರತಕ್ಕೆ ಸಾಗುತ್ತದೆ. ಚೀಲದ ಮೇಲೆ ಚಿತ್ರವಿರಬೇಕಾದ ಅಗತ್ಯವಿಲ್ಲ. ಕೊಳ್ಳುವವರು ಕೊಬ್ಬರಿಯನ್ನು ಕೈಯಲ್ಲಿ ಹಿಡಿದು, ಒಡೆದು ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಅದೇ ಕೊಬ್ಬರಿಯನ್ನು ಗಾಣಕ್ಕೆ ಹಾಕಿ, ಎಣ್ಣೆಯನ್ನು ಸೀಸೆಗೆ ತುಂಬಿ ಮಾರಲು ಹೊರಟ ದಿನದಿಂದ ವ್ಯವಹಾರದ ಸ್ವರೂಪವೇ ಬದಲಾಗುತ್ತದೆ. ಅಂಗಡಿಯ ಕಪಾಟಿನಲ್ಲಿ ಹತ್ತು ಸೀಸೆಗಳ ನಡುವೆ ನಿಂತ ಸೀಸೆಯ ಪರವಾಗಿ ಮಾತನಾಡುವುದು ಅದರ ಲೇಬಲ್ಲು ಮಾತ್ರ.

ಲೇಬಲ್ಲಿನ ವಿಷಯದಲ್ಲಿ ನಮ್ಮ ಸಣ್ಣ ಉದ್ದಿಮೆದಾರರು ಅನುಸರಿಸುತ್ತ ಬಂದಿರುವ ಮಾರ್ಗ ಎಲ್ಲರಿಗೂ ತಿಳಿದದ್ದೇ. ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಕುಳಿತು, ಅಂತರಜಾಲದಲ್ಲಿ ಸಿಕ್ಕ ತೆಂಗಿನ ಮರದ ಚಿತ್ರವೊಂದನ್ನು ಆರಿಸಿ, ಮೇಲೆ ಮನೆದೇವರ ಹೆಸರನ್ನು ಕೂಡಿಸಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆರು ತಿಂಗಳಲ್ಲಿ ಅದೇ ಮರ ಪಕ್ಕದ ತಾಲ್ಲೂಕಿನವರ ಸೀಸೆಯ ಮೇಲೂ ಕಾಣಿಸಿಕೊಂಡರೆ ದೂರು ಕೊಡಲು ದಾರಿಯಿಲ್ಲ. ಆ ಚಿತ್ರ ಇಬ್ಬರಿಗೂ ಸೇರಿದ್ದಲ್ಲ. ಅದರ ನಿಜವಾದ ಒಡೆಯರು ಒಂದು ದಿನ ಇಬ್ಬರಿಗೂ ನೋಟಿಸು ಕಳುಹಿಸಬಹುದು. ಆದ್ದರಿಂದ ಸ್ವಂತಕ್ಕೆಂದೇ ಚಿತ್ರ ಬರೆಸುವುದು ಒಣ ಶೋಕಿಯಲ್ಲ.

ಇದಕ್ಕೆ ದೊಡ್ಡ ಜಾಹೀರಾತು ಸಂಸ್ಥೆಯೇ ಆಗಬೇಕೆಂದಿಲ್ಲ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಮುಂತಾದೆಡೆ ಕಲಿತ ಅನೇಕರು ಯಾವ ಸಂಸ್ಥೆಯ ನೌಕರಿಯಲ್ಲೂ ಇರದೆ, ಒಂದೊಂದು ಕೆಲಸಕ್ಕೆ ಇಂತಿಷ್ಟು ಎಂದು ಸಂಭಾವನೆ ಪಡೆದು ಚಿತ್ರ ಬರೆದುಕೊಡುತ್ತಾರೆ. ಪರಿಷತ್ತು ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯಲ್ಲಿ ಒಂದು ದಿನ ಓಡಾಡಿದರೆ ಯಾರ ಕೈ ಯಾವ ಬಗೆಯದೆಂದು ಕಣ್ಣಾರೆ ತಿಳಿಯುತ್ತದೆ.

ಹೊರಗಿನ ಕಲಾವಿದರಿಂದ ಬರೆಸಿದ ಒಂದು ಚಿತ್ರ ಏನು ಮಾಡಬಲ್ಲದೆಂಬುದಕ್ಕೆ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ‘ಗಟ್ಟು’ವೇ ನಿದರ್ಶನ. ವೃತ್ತಿಯಿಂದ ಪತ್ರಿಕಾ ವ್ಯಂಗ್ಯಚಿತ್ರಕಾರರಾಗಿದ್ದ ಅವರು 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ, ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗನೊಬ್ಬನನ್ನು ಬರೆದುಕೊಟ್ಟರು. ಕಂಪನಿಯು ಸ್ಪರ್ಧೆ ಏರ್ಪಡಿಸಿ ಸಾರ್ವಜನಿಕರಿಂದಲೇ ಆ ಹುಡುಗನಿಗೆ ಹೆಸರಿಡಿಸಿತು. 2000ದ ದಶಕದ ಆರಂಭದಲ್ಲಿ ಕೈಬಿಡುವವರೆಗೂ, ಸುಮಾರು ಅರ್ಧ ಶತಮಾನ, ಓದಲು ಬಾರದ ಗಿರಾಕಿಯೂ ಆ ಹುಡುಗನನ್ನು ತೋರಿಸಿ ಡಬ್ಬಿ ಕೇಳುವಂತಿತ್ತು.

ಕೆಲಸ ಒಪ್ಪಿಸುವಾಗ ಹೇಳಬೇಕಾದುದನ್ನೆಲ್ಲ ಹೇಳದಿರುವುದೇ ಮೊದಲ ತೊಡಕು. ‘ತೆಂಗಿನ ಚಿತ್ರ ಚೆನ್ನಾಗಿ ಬರೆದುಕೊಡಿ’ ಎಂದಷ್ಟೇ ಹೇಳಿದರೆ ನಗರದ ಕಲಾವಿದರು ಸಮುದ್ರ ತೀರದಲ್ಲಿ ಬಾಗಿ ನಿಂತ ಮರವನ್ನೂ, ಒಡೆದ ಹಸಿ ತೆಂಗಿನ ಬಿಳಿ ಹೋಳನ್ನೂ ಬರೆದು ಕಳುಹಿಸುತ್ತಾರೆ. ಅದು ಕರಾವಳಿಯ ಚಿತ್ರವಾಯಿತೇ ಹೊರತು ಕೆರೆಯ ಹಿಂದಿನ ತೋಟದ್ದಲ್ಲ. ಕಾಯಿಯನ್ನು ಸಿಪ್ಪೆಸಹಿತ ಹತ್ತು-ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಗುಡುಗುಡು ಅಲುಗುವಂತಾದ ಮೇಲೆ ಸುಲಿದು ಉಂಡೆಯಾಗಿಯೇ ತೆಗೆಯುವ ಪದ್ಧತಿ ಈ ಸೀಮೆಯ ವೈಶಿಷ್ಟ್ಯ. ಅದನ್ನು ನೋಡದವರು ಬರೆಯುವುದಾದರೂ ಹೇಗೆ? ಅಟ್ಟ, ಸುಲಿಯುವ ಕೆಲಸ, ಉಂಡೆ ಕೊಬ್ಬರಿ, ಗಾಣ, ಸೀಸೆ ಇವುಗಳ ಛಾಯಾಚಿತ್ರಗಳನ್ನೂ ಎರಡು ಉಂಡೆ ಕೊಬ್ಬರಿಯನ್ನೂ ಕಲಾವಿದರಿಗೆ ಕಳುಹಿಸಿಕೊಡುವುದು ಉತ್ತಮ. ಸಾಧ್ಯವಾದರೆ ಒಂದು ದಿನ ತೋಟಕ್ಕೇ ಕರೆಸಿಕೊಳ್ಳಬಹುದು. ಬಸ್ಸಿನ ಖರ್ಚಿಗಿಂತ ಲಾಭವೇ ಹೆಚ್ಚು.

ಕೆಲಸ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಸಾಗುತ್ತದೆ: ಪೆನ್ಸಿಲ್ಲಿನ ಕಚ್ಚಾ ನಕ್ಷೆ, ಬಣ್ಣದ ಮಾದರಿ, ಅಂತಿಮ ಚಿತ್ರ. ತಿದ್ದುಪಡಿಗಳನ್ನು ಕಚ್ಚಾ ನಕ್ಷೆಯ ಹಂತದಲ್ಲೇ ಹೇಳಿ ಮುಗಿಸಬೇಕು. ಬಣ್ಣ ತುಂಬಿದ ಮೇಲೆ ಅಣ್ಣತಮ್ಮಂದಿರು, ಬೀಗರೆಲ್ಲರ ಅಭಿಪ್ರಾಯ ಕೇಳಿ ಮರವನ್ನು ಎಡದಿಂದ ಬಲಕ್ಕೆ ಸರಿಸಲು ಹೇಳುವುದು, ಅದಕ್ಕೆ ಪ್ರತ್ಯೇಕ ಹಣ ಕೇಳಿದಾಗ ಬೇಸರಪಟ್ಟುಕೊಳ್ಳುವುದು ನ್ಯಾಯವಲ್ಲ. ಎಷ್ಟು ಸಲದ ತಿದ್ದುಪಡಿ ಸಂಭಾವನೆಯಲ್ಲಿ ಸೇರಿದೆ, ಮುಂಗಡವೆಷ್ಟು, ಕೆಲಸ ನಡುವೆ ನಿಂತರೆ ಕೊಡಬೇಕಾದುದೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು.

ನಿಜವಾದ ಅಪಾಯವಿರುವುದು ಹಕ್ಕಿನ ವಿಷಯದಲ್ಲಿ. ಹಣ ಕೊಟ್ಟ ಮೇಲೆ ಚಿತ್ರ ತಮ್ಮದೇ ಎಂಬುದು ವರ್ತಕರ ಸಹಜ ನಂಬಿಕೆ. 1957ರ ಕೃತಿಸ್ವಾಮ್ಯ ಅಧಿನಿಯಮ ಅಷ್ಟು ಸರಳವಾಗಿ ಹೇಳುವುದಿಲ್ಲ. ಅದರ 17ನೇ ಪ್ರಕರಣದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರ, ಭಾವಚಿತ್ರ, ಕೆತ್ತನೆ, ಚಲನಚಿತ್ರಗಳಿಗೆ ಮಾಡಿಸಿದವರೇ ಮೊದಲ ಒಡೆಯರು. ಈ ಪಟ್ಟಿಯಲ್ಲಿ ರೇಖಾಚಿತ್ರದ ಹೆಸರಿಲ್ಲ. ವ್ಯಾಪಾರ ಲಾಂಛನದ ಹೆಸರೂ ಇಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ, ಆದರೆ ಸ್ವತಂತ್ರ ಕಲಾವಿದರು ನೌಕರರಲ್ಲ. ಹಾಗಾಗಿ ಸೀಸೆಯ ಮೇಲಿನ ರೇಖಾಚಿತ್ರದ ಒಡೆತನ ಕಲಾವಿದರ ಬಳಿಯೇ ಉಳಿದಿರುವ ಸಾಧ್ಯತೆ ಹೆಚ್ಚು.

ಇದನ್ನು ಸರಿಪಡಿಸುವ ಮಾರ್ಗ ಲಿಖಿತ ಹಕ್ಕು ವರ್ಗಾವಣೆ ಪತ್ರ. ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪತ್ರದಲ್ಲಿ ಯಾವ ಚಿತ್ರ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಪ್ರತಿಫಲ ಎಂಬುದು ಸ್ಪಷ್ಟವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ 19ನೇ ಪ್ರಕರಣವು ಅದನ್ನು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಭಾವಿಸುತ್ತದೆ. ಶೆಟ್ಟಿಕೆರೆಯ ಗಾಣದ ಮಾಲೀಕರೊಬ್ಬರು ಅವಧಿ ಬರೆಯದ ಪತ್ರ ಪಡೆದರೆಂದು ಭಾವಿಸೋಣ. ಮೊದಲ ಎರಡು ವರ್ಷ ನಷ್ಟ, ಮೂರನೆಯದರಲ್ಲಿ ಸಮ, ಐದನೆಯ ವರ್ಷಕ್ಕೆ ಸೀಸೆಯನ್ನು ಜನ ಗುರುತಿಸತೊಡಗುತ್ತಾರೆ. ಹಕ್ಕು ಮುಗಿಯುವುದು ಸರಿಯಾಗಿ ಆಗಲೇ. ವರ್ಗಾವಣೆ ಪಡೆದು ಒಂದು ವರ್ಷದೊಳಗೆ ಬಳಸದೆ ಇಟ್ಟುಕೊಂಡರೂ, ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂಬ ಮಾತು ಪತ್ರದಲ್ಲಿರಲಿ. ಇದಕ್ಕೆ ಕಲಾವಿದರು ಹೆಚ್ಚು ಹಣ ಕೇಳುವುದು ಸಹಜ. ಅವರು ಮಾರುತ್ತಿರುವುದು ಒಂದು ಹಾಳೆಯನ್ನಲ್ಲ, ಆ ಚಿತ್ರದಿಂದ ಮುಂದೆ ಬರಬಹುದಾದ ಆದಾಯವನ್ನು. ಹಕ್ಕು ಮಾರಿದ ಮೇಲೂ, ಚಿತ್ರ ತಮ್ಮದೆಂದು ಹೇಳಿಕೊಳ್ಳುವ ಮತ್ತು ತಮ್ಮ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಅಧಿಕಾರ 57ನೇ ಪ್ರಕರಣದಂತೆ ಅವರಿಗೆ ಉಳಿಯುತ್ತದೆ.

ಮುದ್ರಣದ ತೊಂದರೆಗಳು ಇದಕ್ಕಿಂತ ಚಿಕ್ಕವು, ಆದರೆ ಹಣ ತಿನ್ನುವಂಥವು. ಪ್ಲಾಸ್ಟಿಕ್ ಪೊಟ್ಟಣಗಳ ಗ್ರೇವ್ಯೂರ್ ಮುದ್ರಣದಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರು ಬೇಕು. ಏಳು ಬಣ್ಣದ ಸೂರ್ಯೋದಯ ಬರೆಸುವ ಮುನ್ನ ಮುದ್ರಕರಲ್ಲಿ ಲೆಕ್ಕ ಕೇಳುವುದು ಒಳ್ಳೆಯದು. ಎಷ್ಟು ಹಿಗ್ಗಿಸಿದರೂ ಕೆಡದ ವೆಕ್ಟರ್ ಕಡತವನ್ನೇ ಪಡೆಯಬೇಕು. ನುಡಿ ಅಕ್ಷರಗಳಲ್ಲಿ ಟೈಪಾದ ಕನ್ನಡ ಹೆಸರು, ಆ ಫಾಂಟ್ ಇಲ್ಲದ ಶಿವಕಾಶಿಯ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ; ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿಯೇ ಕಳುಹಿಸಲು ಹೇಳಬೇಕು. ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ, ಖಾದ್ಯ ತೈಲವಾದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮತ್ತು ಸಸ್ಯಾಹಾರದ ಹಸಿರು ಗುರುತು, ಇವೆಲ್ಲಕ್ಕೂ ಮೊದಲೇ ಜಾಗ ಬಿಡಿಸಬೇಕು.

ಚಿತ್ರ ಕೈಸೇರಿದ ಮೇಲೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಡಿ ನೋಂದಣಿ ಮಾಡಿಸುವುದು ಮುಂದಿನ ಕೆಲಸ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ನೋಂದಣಿ 10 ವರ್ಷದ್ದು, ನವೀಕರಿಸಬಹುದು. ಅಡುಗೆಯ ಕೊಬ್ಬರಿ ಎಣ್ಣೆ 29ನೇ ವರ್ಗ, ತಲೆಗೆ ಹಚ್ಚುವುದು 3ನೇ ವರ್ಗ. ಎರಡನ್ನೂ ಮಾರುವವರು ಎರಡೂ ವರ್ಗಗಳಲ್ಲಿ ಅರ್ಜಿ ಹಾಕುವುದು ಕ್ಷೇಮ. ಅದೇ ಚಿತ್ರಕ್ಕೆ ಕೃತಿಸ್ವಾಮ್ಯವನ್ನೂ ನೋಂದಾಯಿಸುವುದಾದರೆ, ಅಂಥ ಚಿಹ್ನೆ ಬೇರೆಯವರ ಹೆಸರಿನಲ್ಲಿಲ್ಲವೆಂಬ ಪ್ರಮಾಣಪತ್ರವನ್ನು ವ್ಯಾಪಾರ ಚಿಹ್ನೆಗಳ ಕಚೇರಿಯಿಂದ ತರಬೇಕಾಗುತ್ತದೆ; ಬರೆದ ಕಲಾವಿದರ ನಿರಾಕ್ಷೇಪಣಾ ಪತ್ರವೂ ಬೇಕು. ಈ ಪತ್ರವನ್ನೂ ಹಕ್ಕು ವರ್ಗಾವಣೆ ಪತ್ರವನ್ನೂ ಕೊನೆಯ ಕಂತು ಪಾವತಿಸುವ ದಿನವೇ ಒಟ್ಟಿಗೆ ಪಡೆದಿಟ್ಟುಕೊಳ್ಳಬೇಕು. ಐದಾರು ವರ್ಷ ಕಳೆದ ಮೇಲೆ ಕಲಾವಿದರು ಯಾವ ಊರಿನಲ್ಲಿರುತ್ತಾರೋ, ಅವರ ದೂರವಾಣಿ ಸಂಖ್ಯೆ ಅದೇ ಇರುತ್ತದೋ ಇಲ್ಲವೋ.