ಕಾಯಿಲ್ ಸುಡುವ ಮುನ್ನ ನೋಡಬೇಕಾದ ಟ್ರಾನ್ಸ್‌ಫಾರ್ಮರ್

ಮೋಟಾರಿಗೆ ಹೋಗುವ 415 ವೋಲ್ಟ್ ಕರೆಂಟನ್ನು 110 ವೋಲ್ಟಿಗೆ ಇಳಿಸಿ ಪುಶ್ ಬಟನ್, ರಿಲೇ, ಸೂಚಕ ದೀಪ, ಕಾಂಟ್ಯಾಕ್ಟರ್ ಕಾಯಿಲ್‌ಗಳಿಗೆ ಕೊಡುವುದು ಕಂಟ್ರೋಲ್ ಟ್ರಾನ್ಸ್‌ಫಾರ್ಮರಿನ ಕೆಲಸ. ಎರಡು ಫೇಸ್‌ಗಳ ನಡುವೆ ಜೋಡಿಸುವುದರಿಂದ ಇದಕ್ಕೆ ನ್ಯೂಟ್ರಲ್ ಬೇಕಿಲ್ಲ. ಬಟನ್ ಒತ್ತುವ ಕೈಗೂ ದೊಡ್ಡ ಲೈನಿಗೂ ನೇರ ಸಂಪರ್ಕ ಉಳಿಯುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆ ತೊಗರಿಗೂ ಕಬ್ಬಿಗೂ ಹೆಸರಾದದ್ದು. ಭೂಸನೂರು, ಹಾವಳಗಾದಂಥ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇಂಥ ಟ್ರಾನ್ಸ್‌ಫಾರ್ಮರಿನ ಅಳತೆ ಲೆಕ್ಕ ಹಾಕಲು ಎಂಜಿನಿಯರುಗಳಿರುತ್ತಾರೆ. ಎಡವಟ್ಟಾಗುವುದು ಹಳ್ಳಿ ಲೈನಿನ ಕೊನೆಯಲ್ಲಿರುವ ಬೇಳೆ ಗಿರಣಿ, ಪಂಪ್‌ಹೌಸ್‌ಗಳ ಪ್ಯಾನೆಲ್ಲಿನಲ್ಲಿ.

ಮೊದಲ ಎಡವಟ್ಟು ವಿಎ (ವೋಲ್ಟ್-ಆಂಪಿಯರ್), ಅಂದರೆ ಟ್ರಾನ್ಸ್‌ಫಾರ್ಮರ್ ಹೊರಬಲ್ಲ ಲೋಡಿನ ಲೆಕ್ಕದ್ದು. ಕಾಯಿಲಿನ ಎಳೆತದಿಂದ ಮೋಟಾರಿನ ಲೈನ್ ಕೂಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರಿಗೆ ಎರಡು ಬಗೆಯ ಲೋಡ್ ಇರುತ್ತದೆ: ಎಳೆಯುವಾಗ ಒಂದು, ಹಿಡಿದುಕೊಂಡಿರುವಾಗ ಇನ್ನೊಂದು. ಎಳೆಯುವ ಕ್ಷಣದಲ್ಲಿ ಅದು ಹಿಡಿದಿರುವಾಗಿನ ಸುಮಾರು ಹತ್ತು ಪಟ್ಟು ಬೇಡುತ್ತದೆ. ಒಂದು ಗಿರಣಿಯ ಪ್ಯಾನೆಲ್ಲಿನಲ್ಲಿ ಹಿಡಿದಿರುವ ಕಾಯಿಲ್‌ಗಳೂ ದೀಪಗಳೂ ಸೇರಿ 50 ವಿಎ ಎನ್ನೋಣ. ದೊಡ್ಡ ಮೋಟಾರಿನ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ತಲಾ 200 ವಿಎ ಎಳೆಯುವ ಎರಡು ಕಾಂಟ್ಯಾಕ್ಟರ್ ಹೆಚ್ಚುಕಡಿಮೆ ಒಟ್ಟಿಗೆ ಕೂರುತ್ತವೆ. ಆ ಕ್ಷಣದ ಬೇಡಿಕೆ 450 ವಿಎ. ಅಂದರೆ 500 ವಿಎ ಟ್ರಾನ್ಸ್‌ಫಾರ್ಮರ್ ಬೇಕು. 50 ವಿಎ ನೋಡಿಕೊಂಡು 100ರದ್ದನ್ನು ತಂದವರ ಪ್ಯಾನೆಲ್ ಗುಂಯ್‌ಗುಡುತ್ತದೆ. ಭೀಮಾ ದಂಡೆಯ ಪಂಪ್‌ಹೌಸ್‌ಗಳಂತೆ ಕರೆಂಟ್ ಬಂದ ಕೂಡಲೇ ಎಲ್ಲ ಮೋಟಾರೂ ತಾವಾಗಿ ಚಾಲೂ ಆಗುವ ಏರ್ಪಾಡಿದ್ದರೆ ಎಲ್ಲ ಕಾಯಿಲ್‌ಗಳ ಎಳೆತವನ್ನೂ ಕೂಡಿಸಬೇಕು, ಇಲ್ಲವೇ ಟೈಮರ್ ಹಾಕಿ ಒಂದೊಂದಾಗಿ ಎಬ್ಬಿಸಬೇಕು. ಟೈಮರ್ ಅಗ್ಗದ ದಾರಿ.

ಇನ್ನೊಂದು, ಹೆಚ್ಚು ಕಾಡುವ ಸಂಗತಿ ವೋಲ್ಟೇಜ್. ಕಾಂಟ್ಯಾಕ್ಟರ್ ತನ್ನ ನಿಗದಿತ ವೋಲ್ಟೇಜಿನ ಶೇ. 85ರಿಂದ 110ರ ಒಳಗೆ ಸರಿಯಾಗಿ ಎಳೆಯಬೇಕೆಂಬುದು ಮಾನದಂಡ. 110 ವೋಲ್ಟಿನ ಕಾಯಿಲಿಗೆ ಅದು 93.5ರಿಂದ 121. ಲೈನ್ 350ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ಲೈನ್ ಜೋಡಿಸುವ ಟ್ಯಾಪ್‌ಗಳ ಪೈಕಿ 415ರದ್ದರಿಂದ ಸಿಗುವುದು 93ಕ್ಕೂ ಕಡಿಮೆ. ಕಾಯಿಲ್ ಅರ್ಧ ಎಳೆದು ನಿಲ್ಲಬಹುದು, ಹಾಗಾದರೆ ಎಳೆತದ ಕರೆಂಟು ಇಳಿಯುವುದೇ ಇಲ್ಲ, ಕಾಯಿಲ್ ಸುಟ್ಟುಹೋಗುತ್ತದೆ. ಹಾಗೆಂದು 380ರ ಟ್ಯಾಪಿಗೆ ಹಾಕಿದರೆ ರಾತ್ರಿ ಲೋಡ್ ಇಳಿದು ಲೈನ್ 430ಕ್ಕೆ ಏರಿದಾಗ ಕಾಯಿಲಿಗೆ 124 ವೋಲ್ಟ್ ಬೀಳುತ್ತದೆ. ನಡುವಿನ 400ರ ಟ್ಯಾಪಿನಲ್ಲಿ ಇದೇ ಏರಿಳಿತ 96ರಿಂದ 118ರೊಳಗೆ ನಿಲ್ಲುತ್ತದೆ. ಆದರೆ ಎಳೆತದ ಭಾರಕ್ಕೆ ಟ್ರಾನ್ಸ್‌ಫಾರ್ಮರೇ ಶೇ. 5 ಕುಸಿದರೆ ಆ 96 ಮತ್ತೆ 91ಕ್ಕೆ ಬರುತ್ತದೆ. ಶೇ. 2ರಷ್ಟೇ ಕುಸಿಯುವ, ಒಂದು ಅಳತೆ ದೊಡ್ಡದನ್ನು ಕೊಳ್ಳುವುದು ಇಲ್ಲಿ ದುಂದಲ್ಲ. ಹಗಲು, ರಾತ್ರಿ, ಸುಗ್ಗಿಯಲ್ಲಿ ಮೀಟರ್ ಹಿಡಿದು ಲೈನನ್ನು ಅಳೆದ ಮೇಲೆಯೇ ಟ್ಯಾಪ್ ಆರಿಸುವುದು ಲೇಸು.

ಬೇಸಿಗೆಯಲ್ಲಿ ಈ ಭಾಗದ ತಾಪ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಮುಚ್ಚಿದ ಪ್ಯಾನೆಲ್ಲಿನೊಳಗೆ ಇನ್ನೂ ಹೆಚ್ಚು. ಸಾಮಾನ್ಯವಾಗಿ ವಿಎ ಅಂಕಿ ಬರೆಯುವುದು 40 ಡಿಗ್ರಿಯ ಲೆಕ್ಕದಲ್ಲಿ. ಆದ್ದರಿಂದ 155 ಡಿಗ್ರಿ ತಾಳುವ ಎಫ್ ದರ್ಜೆಯ ಇನ್ಸುಲೇಷನ್ ಕೇಳಬೇಕು. ತೊಗರಿ ಹೊಟ್ಟಿನ ಧೂಳು ವೈಂಡಿಂಗ್ ಮೇಲೆ ಕೂತರೆ ಶಾಖ ಹೊರಬೀಳದು.

ಸೆಕೆಂಡರಿಯ (110 ವೋಲ್ಟ್ ಬದಿಯ) ಒಂದು ತುದಿಯನ್ನು ಅರ್ಥ್ ಮಾಡಿ, ಕಾಯಿಲ್‌ಗಳ ಒಂದು ತುದಿಯನ್ನು ನೇರ ಆ ಕಡೆಗೇ ಜೋಡಿಸಬೇಕು. ಬಟನ್ನುಗಳೆಲ್ಲ ಇನ್ನೊಂದು ತುದಿಯ ಫ್ಯೂಸಿನ ಕಡೆ. ಆಗ ಬಟನ್ನಿನ ವೈರ್ ಎಲ್ಲಿ ಅರ್ಥ್ ಆದರೂ ಫ್ಯೂಸ್ ಹೋಗುತ್ತದೆ, ಮೋಟಾರ್ ತಾನಾಗಿ ಚಾಲೂ ಆಗುವುದಿಲ್ಲ. ಪ್ರೈಮರಿಯ (ಲೈನ್ ಬದಿಯ) ಎರಡೂ ಫೇಸಿಗೆ ಫ್ಯೂಸ್ ಬೇಕು, ಅದೂ ನಿಧಾನಕ್ಕೆ ಕರಗುವ ಜಾತಿಯದು. ಕರೆಂಟ್ ಬಂದ ಮೊದಲ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಬೇಗ ಕರಗುವ ಫ್ಯೂಸ್ ಹಾಕಿದರೆ ದಿನಕ್ಕೆ ನಾಲ್ಕು ಸಲ ಹೋಗಿ, ಕೊನೆಗೆ ಬೇಸತ್ತ ಆಪರೇಟರ್ ಅಲ್ಲಿ ದಪ್ಪ ತಂತಿ ಸುತ್ತಿಬಿಡುತ್ತಾನೆ.