ಮರದ ಕಯಾಕ್‌ಗೆ ಬಿಸಿಲಿನದೇ ಚಿಂತೆ

ಕಯಾಕ್ ಮೂಲತಃ ಆರ್ಕ್ಟಿಕ್‌ನ ಇನ್ಯೂಟ್ ಜನರ ಬೇಟೆದೋಣಿ. ಹಂದರದ ಮೇಲೆ ಸೀಲ್ ಚರ್ಮ ಬಿಗಿದು ಮಾಡುತ್ತಿದ್ದರು. ಇಂದು ಉತ್ತರ ಅಮೆರಿಕದ ಹವ್ಯಾಸಿಗಳು ಸುಮಾರು 6 ಮಿಲಿಮೀಟರ್ ದಪ್ಪದ ಸೀಡರ್ ಪಟ್ಟಿಗಳನ್ನು ಜೋಡಿಸಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಹೊದಿಸಿ, ಅದಕ್ಕೆ ಎಪಾಕ್ಸಿ ರಾಳ ಕುಡಿಸುತ್ತಾರೆ. ರಾಳ ಇಳಿದ ಕೂಡಲೇ ಬಿಳಿ ಬಟ್ಟೆ ಮಾಯ, ಮರದ ಕೆಂಪು ಎದ್ದು ಕಾಣುತ್ತದೆ. ಗಾಜು, ರಾಳ ಎರಡರ ವಕ್ರೀಭವನ ಸೂಚ್ಯಂಕವೂ 1.55ರ ಆಸುಪಾಸಿನಲ್ಲಿರುವುದರಿಂದ ಅವುಗಳ ನಡುವಿನ ಗಡಿ ಬೆಳಕಿಗೆ ತಿಳಿಯುವುದೇ ಇಲ್ಲ.

ಈ ಕವಚ ನೀರಿಗೆ ಜಗ್ಗದು, ಬಿಸಿಲಿಗೆ ಸೋಲುತ್ತದೆ. ಅತಿನೇರಳೆ ಕಿರಣ ಎಪಾಕ್ಸಿಯ ಅಣುಸರಪಳಿಗಳನ್ನು ಕಡಿಯುತ್ತದೆ. ಮೊದಲು ಹಳದಿ, ಆಮೇಲೆ ಸುಣ್ಣದಂಥ ಪುಡಿ. ವಾರ್ನಿಶ್ ಬೇಕಾಗುವುದು ಇದಕ್ಕೇ. ದೋಣಿಗೆಂದೇ ಮಾಡಿದ ವಾರ್ನಿಶ್‌ನಲ್ಲಿ ಅತಿನೇರಳೆ ಕಿರಣ ಹೀರುವ ರಾಸಾಯನಿಕಗಳಿರುತ್ತವೆ. ಹೊಳಪು ಮೇಲುಗಳಿಕೆ.

ವಾರ್ನಿಶ್ ಕಚ್ಚಿಕೊಳ್ಳಬೇಕಾದರೆ ಮೊದಲು ಉಜ್ಜಬೇಕು. ಅದಕ್ಕೂ ಮುಂಚೆ ನೀರಿನಲ್ಲಿ ತೊಳೆಯಬೇಕು. ಕೆಲವು ಎಪಾಕ್ಸಿಗಳು ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ನೀರಿಗೆ ಕರಗುವ ಅದನ್ನು ಹಾಗೇ ಉಜ್ಜಿದರೆ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಆಮೇಲೆ 80, 120, 220 ನಂಬರಿನ ಉಪ್ಪುಕಾಗದ, ಅದೇ ಸಾಲಿನಲ್ಲಿ. 80ರ ಕಣ ಸುಮಾರು 0.2 ಮಿಲಿಮೀಟರ್, 220ರದು ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ನಡುವಿನದನ್ನು ಬಿಟ್ಟರೆ ದಪ್ಪ ಗೀರುಗಳು ಉಳಿಯುತ್ತವೆ, ವಾರ್ನಿಶ್ ಅವನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ. ಅತಿಯಾಗಿ ಉಜ್ಜಿ ನೇಯ್ಗೆ ಕಂಡರಂತೂ ಗಾಜಿನ ಎಳೆಗಳೇ ಕಡಿದು ಬಲ ಕುಂದಿತೆಂದೇ ಲೆಕ್ಕ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯ ಧೂಳಿನಿಂದ ಅಲರ್ಜಿ ಅಂಟಬಹುದು.

ಉಜ್ಜಿದ ದೋಣಿ ನೋಡಲು ಬೂದಿ ಮೆತ್ತಿದಂತೆ. ಹೊಸಬರಿಗೆ ಎದೆ ಧಸಕ್ಕೆನ್ನುವುದು ಆಗಲೇ. ಗೀರುಗಳಲ್ಲಿ ತುಂಬಿದ ಗಾಳಿ ಬೆಳಕನ್ನು ಚದುರಿಸುತ್ತಿರುತ್ತದೆ, ಅಷ್ಟೇ. ವಾರ್ನಿಶ್ ಆ ಗಾಳಿಯನ್ನು ಹೊರದಬ್ಬಿ ಗೀರು ತುಂಬಿದಾಗ ಮರ ಮತ್ತೆ ತಿಳಿಯಾಗಿ ಕಾಣುತ್ತದೆ. ಲೇಪಕ್ಕೆ ಹಿಡಿತ ಸಿಗುವುದೂ ಅವೇ ಗೀರುಗಳಿಂದ.

ಎಣ್ಣೆಯಿಂದ ಮಾಡಿದ ವಾರ್ನಿಶ್ ಬರೀ ಆರಿದರೆ ಸಾಲದು. ದ್ರಾವಕ ಆವಿಯಾದ ಮೇಲೆ ಎಣ್ಣೆಯ ಅಣುಗಳು ಆಮ್ಲಜನಕ ಹೀರಿ ಒಂದಕ್ಕೊಂದು ಹೆಣೆದುಕೊಳ್ಳಬೇಕು. ದಪ್ಪ ಬಳಿದರೆ ಮೇಲಿನ ಪೊರೆ ಮೊದಲೇ ಬಿಗಿದು, ಕೆಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ. ಹಾಗಾಗಿ ತೆಳುವಾಗಿ, ಹಲವು ಲೇಪ. ಪ್ರತಿಯೊಂದು ಗಟ್ಟಿಯಾದ ಮೇಲೂ ಹಗುರಾಗಿ ಉಜ್ಜು. ಕನ್ನಡಿಯ ಹೊಳಪಿಗಾಗಿ ಹತ್ತಾರು ಲೇಪ ಬಳಿಯುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಶೋಕಿ. ಮಂಕಾದಾಗ 220ರಲ್ಲಿ ಸವರಿ ಹೊಸ ಲೇಪ ಕೊಟ್ಟರಾಯಿತು. ಎಪಾಕ್ಸಿಯೇ ಹಳದಿಯಾಗುವ ತನಕ ಕಾದರೆ ಯಾವ ವಾರ್ನಿಶ್‌ನಿಂದಲೂ ಅದು ಹಿಂದಿನ ಬಣ್ಣಕ್ಕೆ ಬರುವುದಿಲ್ಲ.