ಅರಳುಮರಳು ಬರೀ ವಯಸ್ಸಿನ ದೋಷವಲ್ಲ



ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ರೂಢಿಯ ಮಾತು. ಮನೆಯ ಹಿರಿಯರು ಈಗತಾನೇ ಉಂಡುದನ್ನು ಮರೆತರೆ, ಹೊಲದಿಂದ ಬರುವಾಗ ದಾರಿ ತಪ್ಪಿದರೆ, ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲ. ಇಂಥ ಮರೆವು ಮಿದುಳಿನ ರೋಗ. ಅನೇಕರಲ್ಲಿ ರಕ್ತನಾಳಗಳು ಕೆಟ್ಟಿರುವುದೂ ಅದಕ್ಕೆ ಕಾರಣ.

ಕೆರೆಯ ಕಾಲುವೆಯಲ್ಲಿ ಹೂಳು ಕಟ್ಟಿದರೆ ಮೊದಲು ಒಣಗುವುದು ಕೊನೆಯ ಗದ್ದೆ. ಮಿದುಳಿನ ಒಳಭಾಗವೂ ಅಂಥದೇ. ಅಲ್ಲಿಗೆ ರಕ್ತ ಒಯ್ಯುವ ನಾಳಗಳು ಬಹು ಸಣ್ಣವು. ಕೊಲೆಸ್ಟರಾಲ್ ಎಂಬ ಜಿಡ್ಡು ದೇಹಕ್ಕೆ ಬೇಕಾದುದೇ, ಯಕೃತ್ತೇ ಅದನ್ನು ತಯಾರಿಸುತ್ತದೆ. ಮಿತಿ ಮೀರಿದರೆ ದೊಡ್ಡ ನಾಳಗಳ ಗೋಡೆಗೆ ಹತ್ತಿಕೊಳ್ಳುತ್ತದೆ. ರಕ್ತದ ಒತ್ತಡ ಹೆಚ್ಚಿದರೆ ಸಣ್ಣ ನಾಳಗಳು ಪೆಡಸಾಗುತ್ತವೆ. ಸಕ್ಕರೆ ಕಾಯಿಲೆ, ಬೀಡಿ ಜೊತೆಗೂಡಿದರಂತೂ ಕೇಳುವುದೇ ಬೇಡ.

ಮುದ್ದೆ ಉಂಡು ದುಡಿಯುವ ನಮಗೇಕೆ ಈ ಪಟ್ಟಣದ ರೋಗ ಎನ್ನಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ 45 ವರ್ಷ ದಾಟಿದವರನ್ನು ಪರೀಕ್ಷಿಸುತ್ತಿದ್ದಾರೆ. ರಕ್ತದ ಕೊಬ್ಬಿನ ಏರುಪೇರು ಅಲ್ಲಿಯೂ ಸಾಮಾನ್ಯವಾಗಿ ಕಂಡಿದೆ. ನಡುವಯಸ್ಸಿನ ಹೆಚ್ಚು ಕೊಲೆಸ್ಟರಾಲನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರು 2024ರಲ್ಲಿ ಮರೆವಿನ ಕಾರಣಗಳ ಪಟ್ಟಿಗೆ ಸೇರಿಸಿದರು.

ಚೀನಾದ ಸುದ್ದಿಯೊಂದು ನಮಗೆ ಉಪಯುಕ್ತ. ಅಲ್ಲಿನ 326 ಹಳ್ಳಿಗಳಲ್ಲಿ ಈ ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಊರಿನ ವೈದ್ಯಸಹಾಯಕರೇ ಮಾತ್ರೆ ಕೊಟ್ಟು ಒತ್ತಡವನ್ನು ಹತೋಟಿಯಲ್ಲಿಟ್ಟರು. 4 ವರ್ಷಗಳಲ್ಲಿ ಮರೆವಿನ ರೋಗ ಉಳಿದ ಹಳ್ಳಿಗಳಿಗಿಂತ ಶೇಕಡ 15ರಷ್ಟು ಕಡಿಮೆಯಾಯಿತು. ದೊಡ್ಡ ಆಸ್ಪತ್ರೆಯಿಲ್ಲದೆ ಆದ ಕೆಲಸವಿದು!

ಆದುದರಿಂದ 40 ದಾಟಿದವರು ವರ್ಷಕ್ಕೊಮ್ಮೆಯಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒತ್ತಡ, ಸಕ್ಕರೆ, ಕೊಬ್ಬು ನೋಡಿಸಿಕೊಳ್ಳಿರಿ. ತಲೆ ಹಗುರಾಯಿತೆಂದು ಒತ್ತಡದ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಅನೇಕರು ಲಕ್ವ ಹೊಡೆಸಿಕೊಳ್ಳುವುದು ಹೀಗೆಯೇ. ಕೊಬ್ಬು ಇಳಿಸುವ ಮಾತ್ರೆ ಹೃದಯಾಘಾತ, ಲಕ್ವಗಳನ್ನು ತಡೆಯಲು. ಬಂದ ಮರೆವಿಗೆ ಅದು ಔಷಧಿಯಲ್ಲ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳದ್ದೂ ಇದರಲ್ಲೇ ಸೇರಬೇಕು. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ. ಸೊಪ್ಪು, ಕಾಳು ಹೆಚ್ಚಲಿ. ಟ್ರ್ಯಾಕ್ಟರ್ ಬಂದ ಮೇಲೆ ನಾವೂ ನಡೆಯುವುದು ಕಡಿಮೆಯಾಗಿದೆಯಷ್ಟೆ!

ಹಿರಿಯರು ಲೆಕ್ಕ ತಪ್ಪತೊಡಗಿದರೆ ಬೇಗ ತೋರಿಸಿ. ಥೈರಾಯ್ಡ್ ದೋಷದಿಂದ, ಬಿ-12 ಜೀವಸತ್ವದ ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಇಳಿಯುವುದುಂಟು. ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಕೈಗೊಂಡ ಮಿದುಳು ಆರೋಗ್ಯ ಯೋಜನೆಯಲ್ಲಿ ಬೆಂಗಳೂರಿನ ಜಯನಗರ ಸಾರ್ವಜನಿಕ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸಾಲಯ ತೆರೆದಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಗಳಲ್ಲೂ ಉಂಟು. ಹೋಗುವಾಗ ಹಿರಿಯರು ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಒಯ್ಯಿರಿ. ಅದುವರೆಗೆ ಪತ್ರ, ಸಾಲದ ಕಾಗದ ಯಾವುದಕ್ಕೂ ಅವರ ಹೆಬ್ಬೆಟ್ಟು ಒತ್ತಿಸಬೇಡಿ.